ಸಂಜೆ ಏಳು

ಬೆಟಗೇರಿಯ ಪ್ರೆಸ್ಸಿನ್ಯಾಗ ಹತ್ತೊಂಬತ್ತು ವರ್ಷ.
ಲಗ್ನಪತ್ರಿಕಿ, ಬಂಗಾರದ ಅಂಗಡಿ ಕ್ಯಾಲೆಂಡರು, ಶಿವಗಣಾರಾಧನಿ ಕಾರ್ಡು,
ಊರಿನ ಸುಖಾದುಃಖಾ ಎಲ್ಲಾ
ನನ್ನ ಮಷೀನಿನ ಬಾಯಿಂದ ಬಿದ್ದದ್ದು.

"ಕುಡಿಯುವವರಿಗೆ ಗೊತ್ತಾಗದಂತೆ ಕುಡಿತ ಬಿಡಿಸಲಾಗುವುದು"
ಹಳದಿ ಹಾಳಿ, ಕೆಂಪು ಅಕ್ಷರ,
ಐದು ಸಾವಿರ ಪ್ರತಿ, ವರ್ಷಕ್ಕ ಎರಡು ಸಲ.
ಒಮ್ಮೆ ಅದೇ ಪುಡಿ ನನ್ನ ಸಾರಿನ್ಯಾಗ ಬಿತ್ತು.
ಮೂರು ದಿನ ವಾಂತಿ.
ನೀಲವ್ವ ಹೇಳಲಿಲ್ಲ, ನಾನು ಕೇಳಲಿಲ್ಲ.
ಪುಡಿಯವನ ನಂಬರು ಅಚ್ಚು ಹಾಕಿದಾವ ನಾನಽ, ಯಾರನ್ನ ಬೈಲಿ?

ಅಂಥಾ ದಿನದಾಗ ಬಂದ ಮೌಲಾಸಾಬ ನದಾಫ,
ಗಾದಿ ಹೊಲಿಯಾವ, ಹುಬ್ಬಿನ ಮ್ಯಾಲ ಹತ್ತಿಯ ಎಳಿ.
ಲೈಟ್ ಬಿಲ್ಲಿನ ಹಿಂದ ಪೆನ್ಸಿಲ್ಲಿನ್ಯಾಗ ಬರಕೊಂಡು ತಂದಿದ್ದ:

ಕುಡಿತಕ್ಕೆ ಸೋತವರು ಬರಬಹುದು.
ಹೆಸರು ಬೇಕಿಲ್ಲ, ಹಣ ಬೇಕಿಲ್ಲ.
ಕನ್ನಡ ಶಾಲೆ, ಮೂರನೇ ಕೋಣೆ.
ಮಂಗಳವಾರ ಸಂಜೆ ಏಳು.

"ಇನ್ನೂರು ಸಾಕ್ರಿ. ಸಣ್ಣ ಸೈಜು,
ಮುಷ್ಟಿಯೊಳಗ ಮುಚ್ಚಿಡೂ ಹಂಗ."
ರಸೀದಿ ಹರಿಯುವಾಗ ನನ್ನ ಬೆರಳು ನೋಡಿದ.
ನೋಡಿದ್ದು ನನಗ ಗೊತ್ತಾತು ಅನ್ನೂದು ಅವಗ ಗೊತ್ತಾತು.
ಚಿಲ್ಲರ ಎಣಿಸಿಕೊಂಡು ಹೋದ.

ಏಳು.
ಮೊದಲ ಏಳ್ರಿ ಅಂತಿದ್ಲು ನೀಲವ್ವ, ಚಾದರ ಜಗ್ಗಿ.
ಎರಡು ವರ್ಷ ಆತು, ಬರೇ ಏಳು.
ಸ್ಟೇಶನ್ ರೋಡಿನ ಮೂಲ್ಯಾಗ
ಹುಡುಗ ನನ್ನ ಗ್ಲಾಸು ತೊಳದು ಇಡೂ ಹೊತ್ತೂ ಅದೇ.
ಸಂಜಿ ಮುಂದ ಏಳು ಅಂತ
ನನಗ ಯಾರೂ ಹೇಳಿದ್ದಿಲ್ಲ.

ಇನ್ನೂರರಾಗ ಹನ್ನೊಂದು ಕೆಟ್ಟವು.
ಮಸಿ ಒಂದು ಕಡೆ ಜಾಸ್ತಿ, ಸಾಲು ವಾರಿ.
ಕೆಟ್ಟದ್ದು ರದ್ದಿಗೆ ಹೋಗಬೇಕು. ಒಂದು ಹೋಗಲಿಲ್ಲ,
ನನ್ನ ಕಿಸೇದಾಗ ಉಳೀತು.

ಎರಡು ಸಲ ಸಾಲಿ ಗೇಟಿನ ತನಕ ಹೋಗಿ
ಬೀಡಿ ಹಚ್ಚಿ ಹೊಳ್ಳಿ ಬಂದೆ.
ಮೂರನೇ ಸಲ ಕರೆಂಟು ಹೋಗಿತ್ತು.
ಯಾರ ಮುಖಾ ಯಾರಿಗೂ ಕಾಣತಿದ್ದಿಲ್ಲ.
ಒಳಗ ಹೋಗಾಕ ಅಷ್ಟು ಸಾಕಾತು.

ಕರೆಂಟು ಬಂದಾಗ ನೋಡಿದರ
ಹುಡುಗರ ಬೆಂಚಿನ ಮ್ಯಾಲ, ಮೊಣಕಾಲು ಗದ್ದಕ್ಕ ತಾಗೂ ಹಂಗ
ಒಂಬತ್ತು ಮಂದಿ ಕುಂತೇವಿ.
ನಮ್ಮ ಓಣಿ ಕಂಪೌಂಡರು,
ನಾನಽ ಲಗ್ನಪತ್ರಿಕಿ ಹಾಕಿಕೊಟ್ಟ ಒಬ್ಬ ಮಾವ,
ಟೆಂಪೋ ಓಡಿಸೂ ಹುಡುಗ, ಅವಂದು ಕುಡಿತ ಅಲ್ಲ, ಗುಳಿಗಿ.
"ಇಲ್ಲಿ ನಡೀತದೇನ್ರಿ?" ಅಂದ.
"ಕುಂದ್ರು," ಅಂದರು.
ತುದಿಗೆ ಮೌಲಾಸಾಬ, ಚಾದ ಕೆಟಲಿ ಹಿಡಕೊಂಡು.
ಮಂದಿಗೆ ಉಪಕಾರ ಮಾಡಾಕತ್ತಾನ ಅಂದ್ಕೊಂಡಿದ್ದೆ.
ಅವನೂ ನಮ್ಮಾವನಽ.

ಯಾರೂ ಬುದ್ಧಿ ಹೇಳಲಿಲ್ಲ.
ಒಬ್ಬಾವ ಮಗಳ ಸೈಕಲ್ಲು ಮಾರಿದ್ದು ಹೇಳಿದ.
ಅದರ ಬಣ್ಣಾ ಸುದ್ದಾ ಹೇಳಿದ.

"ಹಟ ಹಿಡಿದು ಒಮ್ಮೆಲೆ ಬಿಡಬ್ಯಾಡ,
ಮೈ ತಡಿಯೂದಿಲ್ಲ. ಮೊದಲ ದೊಡ್ಡ ದವಾಖಾನಿ," ಅಂದ ಕಂಪೌಂಡರು.
ಮರುದಿನ ಚೀಟಿ ಮಾಡಸೂ ಪಾಳಿಯೊಳಗ
ನನ್ನ ಬೆನ್ನ ಹಿಂದಽ ನಿಂತಿದ್ದ,
ನಾನು ಓಡಿಹೋಗದ ಹಂಗ.

ಆ ಕೋಣಿಯ ಬೋರ್ಡಿನ ಮ್ಯಾಲ ಹುಡುಗರ ಮಗ್ಗಿ ಹಂಗಽ ಇತ್ತು:
ಏಳೊಂದಲೇ ಏಳು. ಏಳೆರಡಲೇ ಹದಿನಾಕು.
ಮಂಗಳವಾರದಿಂದ ಮಂಗಳವಾರಕ್ಕ ಅದನ್ನಽ ಹಿಡಕೊಂಡು ಹೋದೆ.
ಏಳೈದಲೇ ಮೂವತ್ತೈದು.
ಮರುದಿನ ದೊಡ್ಡ ಆರ್ಡರು ಮುಗೀತು, ಕೈಯಾಗ ರೊಕ್ಕ ಬಂತು,
ಬಿದ್ದೆ.
ಅಳಿಸಿ, ಮತ್ತ ಏಳೊಂದಲೇ.
ಸಾಲ್ಯಾಗೂ ಮಗ್ಗಿ ನನಗ ಒಂದು ಸಲಕ್ಕ ಬಂದಿದ್ದಿಲ್ಲ.

ಈಗ ಏಳೊಂಬತ್ತಲೇ.
ಎಷ್ಟಂತ ಬಾಯಿಬಿಟ್ಟು ಹೇಳೂದಿಲ್ಲ, ದೃಷ್ಟಿ ಆಗತೈತಿ.

ನಿನ್ನೆ ಪುಡಿಯವ ಬಂದಿದ್ದ. ಮಾಲಕರು ಆರ್ಡರು ತಗೊಂಡರು.
ಹಳದಿ ಹಾಳಿ, ಕೆಂಪು ಅಕ್ಷರ, ಐದು ಸಾವಿರ,
ನಾನಽ ಹಾಕಿದೆ. ಹೊಟ್ಟಿಪಾಡು.
ಆದರ ಪ್ರತಿ ಕಟ್ಟಿನ ನಡುವ
ಮುಷ್ಟಿಯಷ್ಟು ಒಂದು ಬಿಳಿ ಚೀಟಿ ಸೇರಿಸೇನಿ.
ಮಾಲಕರಿಗೆ ಹೇಳಬ್ಯಾಡ್ರಿ.

ಮುಂಜಾನೆ ನೀಲವ್ವ ಚಾದರ ಜಗ್ಗತಾಳ:
ಏಳು.
ರಿ ಇನ್ನೂ ಬಂದಿಲ್ಲ.